ಸದ್ದಿಲ್ಲದೆ ಮುಚ್ಚಿದ ಡಿಕ್ಕಿ

ಗ್ಯಾರೇಜಿನ ಬೆಂಚಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿಗೆ ವಯಸ್ಸಾದ ಗಂಡಹೆಂಡತಿ ತಮ್ಮ ಕಾರಿನ ಪಕ್ಕ ನಿಂತಿದ್ದರು.

"ಬ್ಯಾಟರಿ ಚೆನ್ನಾಗೇ ಇದೆ ಅಮ್ಮಾ, ಚಾರ್ಜ್ ಮಾಡಿದೀನಿ," ಎಂದ ಮೆಕ್ಯಾನಿಕ್. "ಡಿಕ್ಕಿ ಪೂರ್ತಿ ಮುಚ್ಚದೆ ಒಳಗಿನ ಲೈಟು ಬೆಳಗಿನವರೆಗೂ ಉರಿದು ಚಾರ್ಜ್ ಇಳಿಯುತ್ತೆ, ಅಷ್ಟೇ."

"ದಿನಾ ಡಿಕ್ಕಿ ತೆಗೆಯೋದು ಯಾರ್ರೀ?" ಆಕೆ ಗಂಡನತ್ತ ತಿರುಗಿದರು.

ಮೆಕ್ಯಾನಿಕ್ ಸ್ಟೆಪ್ನಿಯ ಹಿಂದಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದ.

"ಡಾಕ್ಟರು ಸಿಹಿ ಬೇಡ ಅಂದಿದ್ದು ಗೋಡೆಗಾ?"

"ಊಟ ಆದ್ಮೇಲೆ ಒಂದೇ ಒಂದು ಕಣೇ."

"ನನಗೆ ಕೇಳಿಸಬಾರದು ಅಂತ ಡಿಕ್ಕಿ ಮೆಲ್ಲಗೆ ಒತ್ತಿ ಬರ್ತಿದ್ರಿ! ಮಗಳಿಗೆ ಇವತ್ತೋ ನಾಳೆಯೋ ಹೆರಿಗೆ ನೋವು ಬರುತ್ತೆ. ಆಸ್ಪತ್ರೆವರೆಗೂ ಕಾರು ತಳ್ತೀರಾ, ತಾತಪ್ಪಾ?"

"ಇನ್ಮೇಲೆ ಜೋರಾಗಿ ಹಾಕ್ತೀನಿ ಬಿಡು."

"ಇನ್ಮೇಲೆ ತೆಗೆಯೋದೇ ಬೇಡ."

ಆಕೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಆತ ಇಡೀ ಗ್ಯಾರೇಜು ತಿರುಗಿ ನೋಡುವಂತೆ ಡಿಕ್ಕಿ ಮುಚ್ಚಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.