ಬಾರಿಗೆ ತಕ್ಕ ಚೈನು

…ಅಲ್ಲ ಪುರಿಂಗ್, ಮೊದಲು ನಮ್ಮ ಮನೆತನ ಯಾವುದು ಅಂತ ನೆನಪು ಮಾಡ್ಕೋ, ಆಮೇಲೆ ಕೊಡೆ ಮಡಚಿಟ್ಟು ಕೂತ್ಕೋ. ಈ ಊರಿನ ಚರ್ಚಿಗೆ ಗಂಟೆ ಕೊಟ್ಟೋರು ನಮ್ಮ ಮುತ್ತಜ್ಜ. ಬಿಷಪ್ಪರು ನಮ್ಮ ಲೆಯ್ಟೆ ದ್ವೀಪಕ್ಕೆ ಬಂದರೆ ಊಟ ಈ ವಿಲ್ಯಾಫ್ಲೋರ್ ಮನೇಲೇ, ಈ ಮೇಜಿನ ಮೇಲೇ. ನಾಲ್ಕು ತಲೆಮಾರಿಂದ ತೆಂಗಿನ ತೋಟ. ಆ ನಾಲ್ಕು ತಲೆಮಾರಲ್ಲಿ ನಮ್ಮ ಹೆಂಗಸರು ಚಾಕು ಹಿಡಿದಿದ್ದು ಕೇಕ್ ಕತ್ತರಿಸೋಕೆ ಮಾತ್ರ! ನೀನೂ ನಾನೂ ಕಾನ್ವೆಂಟಲ್ಲಿ ಒಂದೇ ಬೆಂಚಲ್ಲಿ ಕೂತೋರು. ಅಂಥಾ ನೀನು, ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲಲ್ಲಿ, ಅಷ್ಟೂ ಹೆಂಗಸರ ಮುಂದೆ ನನ್ನ ಬಗ್ಗೆ… "ಎಸ್ಪೆರಾನ್ಸಾ ಸತ್ತ ಗಂಡನ ಪ್ಯಾಂಟು ಹಾಕ್ಕೊಂಡು ತಾನೇ ಮರ ಕೊಯ್ತಾಳೆ" ಅಂದೆಯಂತೆ! ಇನ್ನೊಂದು ಮಾತೂ ಅಂದೆ. ಅದನ್ನ ಕೊನೆಗೆ ಎತ್ಕೋತೀನಿ.

ಯಾಕೆ ನಗ್ತೀಯ? ಬರೋ ಭಾನುವಾರ ಮಹಿಳಾ ಸಂಘಕ್ಕೆ ಅಧ್ಯಕ್ಷೆಯನ್ನ ಆರಿಸ್ತಾರೆ, ನಾನೂ ನಿಂತಿದೀನಿ. ಮರ ಕೊಯ್ಯೋಳಿಗೆ ಯಾರೇ ಓಟು ಹಾಕ್ತಾರೆ?

ಬಿರುಗಾಳಿಗೆ ನಮ್ಮ ತೋಟ ಮಲಗಿದ್ದು ನಿಜ. ಬಿದ್ದ ತೆಂಗನ್ನೇ ಸೀಳಿ, ಗಾಳಿಗೆ ಹಾರಿಹೋದ ಚರ್ಚಿನ ಮಾಡಿಗೆ ತೊಲೆ ಕೊಡ್ತೀವಿ ಅಂತ ಪಾದ್ರಿಗಳಿಗೆ ಮಾತು ಕೊಟ್ಟಿದ್ದೂ ನಿಜ. ಕೊಯ್ದಿದ್ದು ನಮ್ಮ ಆಳು ತಿನೊಂಗ್. ಗರಗಸ ಆರಿಸಿದ್ದೂ ತಿನೊಂಗ್. ನಾನು ಜಗಲೀಲಿ ಕೂತು ಜಪಮಾಲೆ ಎಣಿಸ್ತಿದ್ದೆ.

ಒಂದು ತುಂಡು ಬಿಬಿಂಗ್ಕಾ ಕೇಕ್ ತಗೋ. ಬಿಸಿ ಇದೆ, ಮೇಲೆ ತೆಂಗಿನತುರಿ ಹಾಕ್ಕೋ.

ನಿನ್ನ ಗಂಡನೂ ಚೈನ್‌ಸಾ ತಗೋತಾನಂತೆ? ಅಂಗಡೀಲಿ ಕೆಂಪು ಬಣ್ಣದ್ದು ಒಪ್ಪಿ ಬಂದನಂತೆ? ಅಯ್ಯೋ! ಬಣ್ಣ ನೋಡಿ ತಗೊಳ್ಳೋಕೆ ಅದೇನು ಸೀರೆಯಾ, ರಿಬ್ಬನ್ನಾ? ಅದು ಕೊಂಬೆ ಸವರೋ ಪುಟ್ಟದು ಕಣೆ! ತೆಂಗು ಅಂದರೆ ಹೊರಗೆ ಕಲ್ಲು, ಒಳಗೆ ಹಿಟ್ಟು. ಉದ್ದಕ್ಕೆ ಸೀಳಬೇಕಾದರೆ ದೊಡ್ಡ ಎಂಜಿನ್ನೇ ಬೇಕು, ಎಪ್ಪತ್ತು ಸೀಸಿಗೆ ಕಮ್ಮಿ ಅಂತೂ ಬೇಡ. ಆಮೇಲೆ ಬಾರು… ಚೈನು ಸುತ್ತೋ ಆ ಉದ್ದ ನಾಲಿಗೆ ಇರತ್ತಲ್ಲ, ಅದು. ದಿಮ್ಮಿಯ ದಪ್ಪಕ್ಕಿಂತ ಒಂದು ಗೇಣು ಹೆಚ್ಚಿದ್ದರೆ ಸಾಕು. ಮೆರೆಯೋಕೆ ಅಂತ ಪುಟ್ಟ ಎಂಜಿನ್ನಿಗೆ ಉದ್ದ ಬಾರು ಕಟ್ಟಿದರೆ, ಮರದ ನಡುವೇನೇ ಏದುಸಿರು ಬಿಟ್ಟು ನಿಂತುಬಿಡತ್ತೆ… ಅಂತಾನೆ ತಿನೊಂಗ್.

ಏನು ಹುಬ್ಬು ಹಾರಿಸ್ತೀಯ? ಕೇಳು, ಗಂಡನಿಗೆ ಹೇಳೋಕೆ ಬೇಕಾಗತ್ತೆ. ಚೈನಿನ ಕೊಂಡಿಗಳ ಅಂತರ ಎಂಜಿನ್ನಿನ ಹಲ್ಲುಚಕ್ರಕ್ಕೆ ಸರಿಯಾಗಿ ಕೂರಬೇಕು. ಕೊಂಡಿಯ ದಪ್ಪ ಬಾರಿನ ಅಂಚಲ್ಲಿರೋ ಸಂದಿಗೆ ಕೂರಬೇಕು. ಸಂದಿ ಅಗಲವಾಗಿ ಕೊಂಡಿ ತೆಳುವಾಯ್ತೋ… ಅಮ್ಮನ ಚಪ್ಪಲಿ ಹಾಕ್ಕೊಂಡ ಮಗು ಥರ ಚೈನು ಆ ಕಡೆ ಈ ಕಡೆ ವಾಲತ್ತೆ. ತೊಲೆ ಅಲೆ ಅಲೆ! ಅಂಗಡಿಯವನು ಅಂಥದ್ದೇ ಒಂದನ್ನ ನನ್ನ ಕೈಗೆ ತುರುಕೋಕೆ ಬಂದಿದ್ದ. ಬೆರಳಲ್ಲಿ ಅಲುಗಿಸಿ ನೋಡಿ ವಾಪಸ್ ಎಸೆದೆ… ಎಸೆದ. ತಿನೊಂಗ್ ಎಸೆದ.

ಅಷ್ಟು ಜೋರಾಗಿ ಕೆಮ್ಮಬೇಡ. ನೀರು ಕುಡಿ.

ಗರಗಸ ಒಂದೇ ಸಾಲದು, ಗೆರೇನೂ ಬೇಕು. ದಿಮ್ಮಿ ಮೇಲೆ ದಾರ ಬಿಗಿದು, ಹಳೇ ಟಾರ್ಚ್ ಸೆಲ್ಲು ಒಡೆದು ಅದರ ಕರಿ ದಾರಕ್ಕೆ ಸವರಿ, ಹೆಬ್ಬೆರಳಲ್ಲಿ ಮೀಟಿ ಟಪ್ ಅಂತ ಬಿಟ್ಟರೆ… ಆಹಾ! ಕಾನ್ವೆಂಟಲ್ಲಿ ಸಿಸ್ಟರ್ ಹಾಕಿಸ್ತಿದ್ದ ಗೆರೆಗಿಂತ ನೇರ! ಗರಗಸ ಆ ಗೆರೆ ಬಿಟ್ಟು ಕೂದಲೆಳೆಯಷ್ಟೂ ಜರುಗಬಾರದು. ಒಂದೇ ತೊಂದರೆ, ಆ ಕರಿ ಸುಲಭಕ್ಕೆ ಹೋಗಲ್ಲ. ನಿಂಬೆ ತಿಕ್ಕಿದರೂ ಹೋಗಲ್ಲ, ಸೀಮೆಎಣ್ಣೆ ಹಾಕಿದರೂ…

ಏನು? ಎಲ್ಲಿ ನೋಡ್ತಿದೀಯ?

ಇದಾ? ಇದು… ಹುಬ್ಬಿಗೆ ತೀಡೋ ಕಪ್ಪು. ಹೆಬ್ಬೆರಳಲ್ಲೇ ತೀಡ್ತೀನಿ, ಏನೀಗ? ನಗು, ನಗು. ಕಾನ್ವೆಂಟಲ್ಲೂ ಹೀಗೇ ನಗ್ತಿದ್ದೆ.

…ಯಾಕೆ ನಗು ನಿಲ್ಲಿಸಿದೆ? ಪುರಿಂಗ್? ಕೈ ಬಿಡೇ. ತಿರುಗಿಸಿ ತಿರುಗಿಸಿ ಏನು ನೋಡ್ತೀಯ, ಬರೀ ಬೊಕ್ಕೆ ಅದು… ಜಪಮಾಲೆ ಎಣಿಸಿ ಎದ್ದಿರೋದು. ಬಿಡು ಅಂದೆ.

ಬಿಡಲ್ವಾ.

ಸರಿ. ಪ್ಯಾಂಟಿನ ಮಾತು ಹೋಗಲಿ, ಅದನ್ನ ನಾನು ಎತ್ತಲ್ಲ. ಅಧ್ಯಕ್ಷೆ ಪದವಿ ನೀನೇ ಇಟ್ಕೋ, ನಿನ್ನ ಅತ್ತಿಗೆಗೆ ಕೊಡು, ಯಾರಿಗಾದರೂ ಕೊಡು. ಆದರೆ ಆ ಎರಡನೇ ಮಾತು! ಮಾಡಿನ ಕಡೆ ಬೊಟ್ಟು ಮಾಡಿ, ತೊಲೆಗಳು ಸೊಟ್ಟ ಅಂದೆಯಲ್ಲ? ಎಲ್ಲರ ಮುಂದೆ ಅಂದೆ. ಹೋಗಿ ದಾರ ಹಿಡಿದು ನೋಡು. ಒಂದೂ ಸೊಟ್ಟ ಇಲ್ಲ. ಒಂದೇ ಒಂದೂ ಇಲ್ಲ.

ಕ್ಷಮೆ ಕೇಳು.