ಗುರುವಾರ ಮಾತ್ರ ಬಂದವರು

ಒಂದೂರು. ಆ ಊರಿಗೊಬ್ಬ ಶ್ರೀಮಂತ. ಶ್ರೀಮಂತ ಅಂದ ಕೂಡಲೇ ನಿಮ್ಮ ಮುಖ ನೋಡಬೇಕು! ಓಹೋ, ಸ್ವಾಮಿಗಳು ಇವತ್ತು ಯಾರೋ ಜಿಪುಣನ ಗ್ರಹಚಾರ ಬಿಡಿಸುತ್ತಾರೆ ಅಂತ ಹಿಂದೆ ಕೂತವರು ಆಗಲೇ ನಗುತ್ತಿದ್ದೀರಿ. ನಗಬೇಡಿ. ಈ ಶ್ರೀಮಂತ ಜಿಪುಣನಲ್ಲ, ಕೈ ಬಿಚ್ಚಿ ಕೊಡುವವನು. ಅವನು ಕೆಟ್ಟವನಾಗಿದ್ದರೆ ಈ ಕತೆಯನ್ನು ನಾನು ಹೇಳುತ್ತಲೇ ಇರಲಿಲ್ಲ. ನನಗೆ ಇವತ್ತು ಸಿಟ್ಟು ಬಂದಿರುವುದು ಒಳ್ಳೆಯವರ ಮೇಲೆ.

ಅದೇ ಊರಲ್ಲಿ ಒಬ್ಬ ಹಮಾಲಿ ಇದ್ದ. ಮಾರ್ಕೆಟ್ ಯಾರ್ಡಿನಲ್ಲಿ ಮೆಕ್ಕೆಜೋಳದ ಮೂಟೆ ಹೊರುವವನು. ವಯಸ್ಸು ನಲವತ್ತು ದಾಟಿರಲಿಲ್ಲ. ಒಂದು ದಿನ ಲಾರಿಯ ಮೇಲಿಂದ ಬಿದ್ದ, ಅವನ ಬೆನ್ನ ಮೇಲೆ ಮೂಟೆಯೂ ಬಿತ್ತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ದೊಡ್ಡಾಸ್ಪತ್ರೆಯವರು ಒಂದೂವರೆ ತಿಂಗಳು ಇಟ್ಟುಕೊಂಡು ಮನೆಗೆ ಕಳಿಸಿದರು. ಕಳಿಸುವಾಗ ಡಾಕ್ಟರು ಅವನ ಹೆಂಡತಿಯನ್ನು ಕರೆದು ಹೇಳಿದರು: "ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಿಸ್ಬೇಕಮ್ಮ. ಬೆನ್ನಲ್ಲಿ ಹುಣ್ಣಾಗಿದೆ, ದಿನಾ ತೊಳ್ದು ಕಟ್ಬೇಕು. ಬಿಟ್ರೆ ನಂಜೇರುತ್ತೆ, ಆಮೇಲೆ ಜೀವ ಉಳಿಯೋದು ಕಷ್ಟ."

ಕೇಳಿದಿರಲ್ಲ? ದಿನಾ. ಡಾಕ್ಟರು ಬಳಸಿದ ಮಾತು ಅದು. ದಿನಾ.

ಹೆಂಡತಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಮೂರಕ್ಕೆ. ಆ ಕೆಲಸ ಬಿಟ್ಟರೆ ಒಲೆ ಹೊತ್ತುವುದಿಲ್ಲ, ಬಿಡದಿದ್ದರೆ ಗಂಡನ ಮಗ್ಗುಲು ಬದಲಿಸುವವರಿಲ್ಲ. ಊರಿಗೆ ವಿಷಯ ಗೊತ್ತಾಯಿತು. ಊರು ಕೈಬಿಡಲಿಲ್ಲ ನೋಡಿ! ಶ್ರೀಮಂತ ತನ್ನ ದಾಸೋಹದಿಂದ ಊಟ ಕಳಿಸುತ್ತೇನೆ ಅಂದ. ಊರಿನ ಆಸ್ಪತ್ರೆಯವರು ವ್ಯಾನಿನಲ್ಲಿ ನರ್ಸ್ ಕಳಿಸಿ ಹುಣ್ಣು ಕಟ್ಟಿಸುತ್ತೇವೆ ಅಂದರು. ಮಹಿಳಾ ಸಂಘದವರು ಬಂದು ಮೈ ಒರೆಸಿ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸುತ್ತೇವೆ ಅಂದರು. ವಾರ್ಡಿನ ಮೆಂಬರು ಗಾಲಿಕುರ್ಚಿ ಕೊಡಿಸುತ್ತೇನೆ ಅಂದ. ಯಾರೂ ಸುಳ್ಳು ಹೇಳಲಿಲ್ಲ, ಎಲ್ಲರೂ ಬಂದರು.

ಯಾವಾಗ ಬಂದರು? ಗುರುವಾರ ಬಂದರು.

ಆ ಊರಿನ ಪದ್ಧತಿ ಅದು. ಗುರುವಾರ ಗುರುಗಳ ವಾರ. ಯಾವ ಸೇವೆ ಮಾಡಿದರೂ ಗುರುವಾರ ಮಾಡಿದರೆ ಹೆಚ್ಚು ಪುಣ್ಯ ಅಂತ ಅಜ್ಜನ ಕಾಲದಿಂದ ನಂಬಿಕೊಂಡು ಬಂದವರು. ದಾಸೋಹದ ಗಾಡಿ ಗುರುವಾರ. ಆಸ್ಪತ್ರೆಯ ವ್ಯಾನು ದಾನಿಗಳು ಕೊಟ್ಟಿದ್ದು, ಅವರ ಇಚ್ಛೆಯಂತೆ ಅದೂ ಗುರುವಾರ. ಸಂಘದವರದ್ದೂ ಗುರುವಾರ. ಆ ದಿನ ಹಮಾಲಿಯ ಮನೆಯ ಮುಂದೆ ನಿಲ್ಲಲು ಜಾಗವಿಲ್ಲ! ಒಳಗೆ ನರ್ಸು ಹುಣ್ಣು ತೊಳೆಯುತ್ತಿದ್ದರೆ ಪಕ್ಕದಲ್ಲೇ ದಾಸೋಹದವರು ಹುಳಿಯ ಡಬ್ಬಿ ಮುಚ್ಚಳ ತೆಗೆಯುತ್ತಿದ್ದಾರೆ. ಸಂಘದ ಹೆಣ್ಣುಮಕ್ಕಳು ಹೊರಗೆ ಬಿಸಿಲಲ್ಲಿ ಸರದಿ ಕಾಯುತ್ತಿದ್ದಾರೆ. ಮೆಂಬರು ಫೋಟೊ ತೆಗೆಸಲು ಎಲ್ಲರಿಗೂ ಸ್ವಲ್ಪ ಸರಿಯಿರಿ ಅನ್ನುತ್ತಿದ್ದಾನೆ. ಗಾಲಿಕುರ್ಚಿ ಬಂತಲ್ಲ, ಅದು ಆ ಮನೆಯ ಬಾಗಿಲಲ್ಲಿ ಹಿಡಿಯಲೇ ಇಲ್ಲ. ಬಾಗಿಲು ಅಳೆದು ನೋಡಿ ಅಂತ ಯಾರು ಯಾರಿಗೆ ಹೇಳಬೇಕಿತ್ತು? ಅದು ಜಗಲಿಯ ಮೇಲೇ ಉಳಿಯಿತು, ಅದರ ಮೇಲೆ ಮೆಣಸಿನಕಾಯಿ ಒಣಗಿತು.

ಶುಕ್ರವಾರ? ಯಾರೂ ಇಲ್ಲ. ಶನಿವಾರ? ಯಾರೂ ಇಲ್ಲ. ಸೋಮವಾರ, ಮಂಗಳವಾರ, ಬುಧವಾರ ಆ ಮನುಷ್ಯ ಬೆಳಿಗ್ಗೆ ಎಂಟರಿಂದ ಮೂರರವರೆಗೆ ಒಂದೇ ಮಗ್ಗುಲಲ್ಲಿ ಸೂರು ನೋಡುತ್ತಾ ಮಲಗಿರುತ್ತಿದ್ದ. ಗುರುವಾರ ನಾಲ್ಕು ಜನಕ್ಕಾಗುವಷ್ಟು ಅನ್ನ ಉಳಿದು ಹಳಸುತ್ತಿತ್ತು. ಮಂಗಳವಾರ ಆಕೆ ಒಲೆಯ ಮುಂದೆ ಕೂತು ಡಬ್ಬಿ ಕೆರೆಯುತ್ತಿದ್ದಳು.

ಒಂದು ಗುರುವಾರ ಶ್ರೀಮಂತ ತಾನೇ ಊಟದ ಜೊತೆ ಬಂದ. ಹಮಾಲಿ ಕೈಮುಗಿದು ಹೇಳಿದ: "ಸಾವ್ಕಾರ್ರೇ, ತಪ್ಪು ತಿಳ್ಕಾಬ್ಯಾಡ್ರಿ. ನಾಕು ಜನ ಬಂದು ಮೂಟೇದು ಒಂದೇ ಮೂಲೆ ಹಿಡಿದ್ರೆ ಮೂಟೆ ಏಳಲ್ಲ. ಒಬ್ರು ಒಂದೊಂದು ಮೂಲೆ ಹಿಡೀಬೇಕು. ಇಪ್ಪತ್ತು ವರ್ಷ ಮಾಡಿರೋ ಕೆಲ್ಸ ನಂದು. ನೀವೆಲ್ಲ ಒಂದ್ಸಲ ಕುಂತು ಮಾತಾಡ್ಕೊಳ್ಳಿ. ನರ್ಸಕ್ಕ ದಿನಾ ಬರಕ್ಕಾಗಲ್ಲ ಅಂದ್ರೆ, ಕಟ್ಟೋದು ಹೆಂಗಂತ ಸಂಘದೋರಿಗಾದ್ರೂ ಕಲಿಸ್ಲಿ. ಒಬ್ರು ಸೋಮವಾರ, ಒಬ್ರು ಮಂಗಳವಾರ ಬಂದ್ರೆ ನಾನು ಬದುಕ್ತೀನಿ."

ಎಷ್ಟು ಸರಳ ಮಾತು! ಶ್ರೀಮಂತನ ಕಣ್ಣಲ್ಲಿ ನೀರು ಬಂತು. ನಿಜವಾಗಿ ಬಂತು, ನಾಟಕವಲ್ಲ. "ಸಭೆ ಕರೀತೀನಿ ಕಣಪ್ಪ" ಅಂದ.

ಸಭೆ ಎಲ್ಲಿ? ಆಸ್ಪತ್ರೆಯಲ್ಲಿ ಅಂದರು ಆಸ್ಪತ್ರೆಯವರು. ಅಲ್ಲಿಗೆ ನಾವು ಯಾಕೆ ಬರಬೇಕು, ನಮ್ಮ ಕಚೇರಿಗೆ ಅವರು ಬರಲಿ ಅಂದ ಮೆಂಬರು. ಬ್ಯಾನರಿನಲ್ಲಿ ನಮ್ಮ ಸಂಘದ ಹೆಸರು ಕೆಳಗೆ ಯಾಕೆ ಅಂದರು ಸಂಘದವರು. ಎರಡು ತಿಂಗಳು ಹೋಯಿತು. ಆ ಎರಡು ತಿಂಗಳಲ್ಲಿ ಹುಣ್ಣು ಅಂಗೈಯಷ್ಟಾಯಿತು. ಕೊನೆಗೆ ಶ್ರೀಮಂತನ ಕಲ್ಯಾಣ ಮಂಟಪದಲ್ಲೇ ಸಭೆ ಅಂತ ನಿಶ್ಚಯವಾಯಿತು. ದಿನ ಯಾವುದು ಗೊತ್ತೇ? ಒಳ್ಳೆಯ ಕೆಲಸವಲ್ಲವೇ, ಒಳ್ಳೆಯ ದಿನವೇ ಆಗಬೇಕಲ್ಲವೇ? ಗುರುವಾರ!

ಆ ಗುರುವಾರ ಎಲ್ಲರೂ ಮಂಟಪದಲ್ಲಿದ್ದರು. ವ್ಯಾನು ಮಂಟಪದ ಮುಂದೆ ನಿಂತಿತ್ತು. ದಾಸೋಹದ ಅಡುಗೆ ಮಂಟಪದಲ್ಲೇ ಬಡಿಸಿದರು. ಹಮಾಲಿಯ ಮನೆಗೆ ವಾರಕ್ಕೊಂದು ದಿನ ಜನ ಬರುತ್ತಿದ್ದರಲ್ಲ, ಆ ದಿನವೂ ಯಾರೂ ಬರಲಿಲ್ಲ. ಸಭೆಗೆ ಅವನ ಹೆಂಡತಿಯನ್ನು ಕರೆದಿದ್ದರೇ? ಇಲ್ಲ. ಅವಳಿಗೇನು ಗೊತ್ತು, ಅಡುಗೆಯವಳು!

ಮೂರಕ್ಕೆ ಆಕೆ ಮನೆಗೆ ಬಂದು ನೋಡುತ್ತಾಳೆ, ಗಂಡನ ಮೈ ಕೆಂಡ. ನಡುಕ. ಮಾತಾಡಿಸಿದರೆ ಏನೇನೋ ಬಡಬಡಿಸುತ್ತಿದ್ದಾನೆ. ಮಂಟಪಕ್ಕೆ ಓಡಿದಳು. ವೇದಿಕೆಯ ಮೇಲೆ ಶ್ರೀಮಂತ ಮಾತಾಡುತ್ತಿದ್ದ. "ನಾಲ್ಕು ಜನ ಮೂಟೆಯ ಒಂದೇ ಮೂಲೆ ಹಿಡಿದರೆ ಮೂಟೆ ಏಳುತ್ತದೆಯೇ, ಬಂಧುಗಳೇ?" ಅಂತ ಕೇಳುತ್ತಿದ್ದ. ಹಮಾಲಿಯ ಮಾತು! ಹಾಸಿಗೆಯಿಂದ ಎತ್ತಿಕೊಂಡು ಬಂದು ಮೈಕಿನಲ್ಲಿ ಆಡುತ್ತಿದ್ದಾನೆ. ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ.

ಆಕೆ ಆ ಚಪ್ಪಾಳೆಯ ನಡುವೆ ಕೂಗಿದಳು: "ಸಾವ್ಕಾರ್ರೇ, ನಮ್ಮನೇಗೆ ಇವತ್ತು ಯಾರೂ ಬಂದಿಲ್ರೀ! ವ್ಯಾನ್ ಕೊಡ್ರಿ!"

ಕಾರ್ಯಕರ್ತನೊಬ್ಬ ಬಂದು ಅವಳ ಕೈಗೆ ಲಡ್ಡು ಇಟ್ಟ. "ಕೂತ್ಕೊಳಮ್ಮ, ಸನ್ಮಾನ ಮುಗೀಲಿ" ಅಂದ. ಡ್ರೈವರ್ ಊಟಕ್ಕೆ ಕೂತಿದ್ದ. ವ್ಯಾನು ಹೊರಟಾಗ ಐದು ಗಂಟೆ. ನಂಜು ರಕ್ತಕ್ಕೇರಿತ್ತು. ಸೋಮವಾರ ಅವನು ತೀರಿಕೊಂಡ.

ಗುರುವಾರ ಎಲ್ಲರೂ ಹಾರ ಹಿಡಿದುಕೊಂಡು ಬಂದರು. ಆಕೆ ಬಾಗಿಲಿಗೆ ಅಡ್ಡ ನಿಂತು ಅಂದಳು: "ಸೋಮವಾರ ಬರಬೇಕಾಗಿತ್ತು ನೀವು."

ಕತೆ ಮುಗಿಯಿತು. ಛೇ, ಎಂಥ ಊರಪ್ಪ ಅಂತ ಬೈದುಕೊಳ್ಳುತ್ತಿದ್ದೀರಾ? ಬೈಯಿರಿ. ಆಮೇಲೆ ಹೇಳಿ, ಇವತ್ತು ಯಾವ ವಾರ?

ಗುರುವಾರ. ನಮ್ಮ ಮಠದ ದಾಸೋಹವೂ ಗುರುವಾರ. ಗದಿಗೆಪ್ಪನವರೇ, ದಾಸೋಹ ಸಮಿತಿಯ ಅಧ್ಯಕ್ಷರು ನೀವು, ತಲೆ ತಗ್ಗಿಸಬೇಡಿ. ನಿಮಗಿಂತ ಮೊದಲು ನಾನು ತಗ್ಗಿಸಬೇಕು. ಮಠದ ಹಿಂದಿನ ಓಣಿಯಲ್ಲಿ ದರ್ಜಿ ಹಾಲೇಶ ಲಕ್ವ ಹೊಡೆದು ಮಲಗಿ ಐದು ತಿಂಗಳಾಯಿತು. ಅವನ ಮನೆಗೂ ನಾವು ಊಟ ಕಳಿಸುತ್ತೇವೆ. ನಿನ್ನೆ, ಬುಧವಾರ, ಮೊದಲ ಸಲ ನಾನೇ ಹೋಗಿದ್ದೆ. ಅವನ ಹೆಂಡತಿ ಚಾಪೆ ಹಾಸಿದಳು, ನೀರು ಕೊಟ್ಟಳು. "ಬುದ್ಧಿ, ಇವತ್ತು ಬುಧವಾರ ಅಲ್ವಾ?" ಅಂತ ಕೇಳಿದಳು. ನಾನು ವಾರ ತಪ್ಪಿ ಬಂದಿದ್ದೇನೆ ಅಂದುಕೊಂಡಳು! ನನ್ನ ಕಾವಿಗೆ ಅಷ್ಟೇ ಬೆಲೆ. ಅವನ ಸೊಂಟದಲ್ಲಿ ಹುಣ್ಣು ಶುರುವಾಗಿದೆ. ಇನ್ನೂ ರೂಪಾಯಿಯಗಲ ಇದೆ. ಇನ್ನೂ ಹೊತ್ತು ಮೀರಿಲ್ಲ.

ಪುಣ್ಯಕ್ಕೆ ಒಳ್ಳೆಯ ದಿನ ಬೇಕಂತೆ. ಹುಣ್ಣಿಗೆ ಪಂಚಾಂಗ ತೋರಿಸುತ್ತೀರಾ? ಹಸಿವಿಗೆ ವಾರ ಹೇಳಿಕೊಡುತ್ತೀರಾ? ನಿಮ್ಮ ಸೇವೆ ನಿಮ್ಮ ಅನುಕೂಲಕ್ಕೆ, ನಿಮ್ಮ ಫೋಟೊಕ್ಕೆ, ನಿಮ್ಮ ಬ್ಯಾನರಿಗೆ ಆಗುವುದಾದರೆ ಅದನ್ನು ಸೇವೆ ಅನ್ನಬೇಡಿ. ನನ್ನ ಎದುರಿಗಂತೂ ಅನ್ನಬೇಡಿ.

ಈಗ ಕೇಳಿ. ಇವತ್ತು ಪ್ರಸಾದಕ್ಕೆ ಏಳುವ ಮೊದಲು ಗದಿಗೆಪ್ಪನವರು, ಆರೋಗ್ಯ ಕೇಂದ್ರದ ಸಿಸ್ಟರ್ ಸುಲೋಚನಾ, ಮಹಿಳಾ ಸಂಘದವರು, ಪಂಚಾಯ್ತಿ ಮೆಂಬರು ಎಲ್ಲರೂ ಈ ನೆಲದ ಮೇಲೆ ಕೂರಬೇಕು. ಕುರ್ಚಿ ಇಲ್ಲ, ಮೈಕಿಲ್ಲ, ಹಾರವಿಲ್ಲ. ಒಂದೇ ಒಂದು ಹಾಳೆ ತೆಗೆದುಕೊಳ್ಳಿ. ಊರಲ್ಲಿ ಮಲಗಿದವರ ಮನೆಗಳನ್ನೆಲ್ಲ ಬರೆಯಿರಿ, ಪಕ್ಕದಲ್ಲಿ ಏಳೂ ದಿನ ಬರೆಯಿರಿ. ಯಾರ ಮನೆಗೆ ಯಾವ ದಿನ ಊಟ, ಯಾವ ದಿನ ಹುಣ್ಣು ಕಟ್ಟುವುದು, ಮಗ್ಗುಲು ತಿರುಗಿಸುವ ಸರದಿ ಯಾರದು, ಎಲ್ಲ ಅಲ್ಲೇ ತೀರ್ಮಾನವಾಗಲಿ. ಖಾಲಿ ಬಿದ್ದ ದಿನಕ್ಕೆ ಈ ಸಭೆಯಲ್ಲಿ ಕೂತ ನೀವು ಹೆಸರು ಕೊಡಬೇಕು. ಮೊದಲ ಹೆಸರು ನನ್ನದು. ಹಾಲೇಶನ ಮನೆಗೆ ಬುಧವಾರ ನಾನು ಹೋಗುತ್ತೇನೆ. ಹುಣ್ಣು ಕಟ್ಟುವುದನ್ನು ಸಿಸ್ಟರ್ ನನಗೆ ಕಲಿಸಲಿ.

ಒಬ್ಬರು ಕಡಿಮೆ ಇದ್ದಾರೆ. ಹಾಲೇಶನ ಹೆಂಡತಿ. ಅಲ್ಲಿ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದಾಳೆ. ನಾನೇ ಬಾ ಅಂದಿದ್ದೆ. ತಾಯೀ, ಮುಂದೆ ಬಾ. ದಾರಿ ಬಿಡಿ ಅವಳಿಗೆ! ಯಾವ ಹೊತ್ತಿಗೆ ಏನು ಬೇಕು ಅಂತ ಅವಳು ಹೇಳುತ್ತಾಳೆ, ನೀವು ಬರೆದುಕೊಳ್ಳಿ. ಆ ಹಾಳೆ ತುಂಬುವವರೆಗೆ ಇವತ್ತು ಈ ಮಠದಲ್ಲಿ ಯಾರಿಗೂ ಎಲೆ ಹಾಕುವುದಿಲ್ಲ.