ಎರಡು ಚಮಚ ನೀರು

ತಿಂಗಳಿಂದ ತುತ್ತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿದ್ದ ಬಡಗಿಗೆ ಆಸ್ಪತ್ರೆಯ ಎಕ್ಸ್‌-ರೇ ಕೋಣೆಯ ಮುಂದೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿಯರಿಬ್ಬರು ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಲಕ್ವ ಹೊಡೆದ ಅವರ ಅಪ್ಪ ಎದುರಿಗೆ ಗಾಲಿಕುರ್ಚಿಯಲ್ಲಿ, ಮೂಗಿಗೆ ಊಟದ ನಳಿಕೆ ಹಾಕಿಸಿಕೊಂಡು ತೂಕಡಿಸುತ್ತಿದ್ದರು.

“ನಿನ್ನೆಯಿಂದ ಜ್ವರ ಯಾಕೆ ಬಂತೋ, ಡಾಕ್ಟರಿಗೂ ತಿಳೀತಿಲ್ಲ,” ಎಂದಳು ಅಕ್ಕ.

“ಅಕ್ಕಾ, ಬೈಬೇಡ. ಮೊನ್ನೆ ನಾನು ಅಪ್ಪಂಗೆ ನೀರು ಕುಡಿಸಿದೆ.”

“ಬಾಯಿಂದ?”

“ಎರಡೇ ಚಮಚ. ಕೈ ಹಿಡ್ಕೊಂಡು ಬೇಡಿದ್ರು.”

“ಬಾಯಿಗೆ ಏನೂ ಹಾಕ್ಬೇಡಿ ಅಂತ ಮಂಚಕ್ಕೇ ಬರೆದು ಅಂಟಿಸಿದಾರಲ್ಲೇ!”

“ಒಂದು ಸಲನೂ ಕೆಮ್ಮಲಿಲ್ಲ. ಸಲೀಸಾಗಿ ಇಳೀತು ಅಂದ್ಕೊಂಡೆ.”

“ಅದೇ ಕಣೇ ಭಯ. ನುಂಗುವಾಗ ಉಸಿರಿನ ಕೊಳವೆಗೆ ಒಂದು ಮುಚ್ಚಳ ಬೀಳುತ್ತಂತೆ. ಅಪ್ಪಂಗೆ ಅದು ಸರಿಯಾಗಿ ಬೀಳ್ತಿಲ್ಲ. ಗಂಟಲು ಮರಗಟ್ಟಿರೋದ್ರಿಂದ ನೀರು ಶ್ವಾಸಕೋಶಕ್ಕೆ ಇಳಿದ್ರೂ ಕೆಮ್ಮೇ ಬರಲ್ಲ.”

ಬಡಗಿ ಮೆಲ್ಲಗೆ ಉಗುಳು ನುಂಗಿ, ಕತ್ತು ಮುಟ್ಟಿ ನೋಡಿಕೊಂಡ.

“ಹಾಗಾದ್ರೆ ಜ್ವರ ನನ್ನಿಂದಲೇ ಬಂತಾ?”

“ಇರಬಹುದು. ಡಾಕ್ಟರಿಗೆ ಹೇಳಿದ್ರೆ ತಕ್ಕ ಔಷಧಿ ಕೊಡ್ತಾರೆ.”

“ಯಾವ ಮುಖ ಇಟ್ಕೊಂಡು ಹೇಳ್ಲಿ?”

“ನಾನು ಹೇಳ್ತೀನಿ ಬಿಡು. ನನ್ನ ಕೈಯಿಂದಲೇ ಆಯ್ತು ಅಂತೀನಿ.”

ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಕರೆದಳು. ಅಕ್ಕ ಕುರ್ಚಿಯ ಹಿಡಿಕೆಗೆ ಕೈ ಹಾಕಿದಳು. ತಂಗಿ ಆ ಕೈಯನ್ನು ಸರಿಸಿ, ತಾನೇ ಅಪ್ಪನನ್ನು ತಳ್ಳಿಕೊಂಡು ಹೊರಟಳು. ಹೊಸ್ತಿಲು ದಾಟುವ ಮೊದಲೇ ಅವಳ ದನಿ ಕೇಳಿತು:

“ಡಾಕ್ಟ್ರೇ, ಶುರು ಮಾಡೋಕೆ ಮುಂಚೆ ನಂದೊಂದು ತಪ್ಪು ಹೇಳ್ಬೇಕು.”